ಎದ್ದು ಹೋಗುವ ಕಾಲುಗಳು

ಲಿಫ್ಟ್ ಮೆಕ್ಯಾನಿಕನ ಕಾಲುಗಳಿಗೆ ಒಂದು ಕೆಟ್ಟ ಚಾಳಿಯಿತ್ತು. ಮನೆಯಲ್ಲಿ ಯಾರಾದರೂ ದನಿ ಸ್ವಲ್ಪ ಏರಿಸಿದರೆ ಸಾಕು, ಅವನಿಗಿಂತ ಮೊದಲು ಅವು ಎದ್ದು ಹೊರಡುತ್ತಿದ್ದವು. ಜಗಳವೇ ಆಗಬೇಕೆಂದಿಲ್ಲ. "ಸ್ವಲ್ಪ ಕೂತ್ಕೊಳ್ಳಿ, ಒಂದು ವಿಷಯ ಮಾತಾಡ್ಬೇಕು" ಎಂದು ಹೆಂಡತಿ ಹೇಳಿದರೂ ಆಯಿತು. ಒಂದು ಕಾಲು ಚಪ್ಪಲಿ ಹುಡುಕುತ್ತಿದ್ದರೆ ಇನ್ನೊಂದು ಆಗಲೇ ಬಾಗಿಲಾಚೆ ಇರುತ್ತಿತ್ತು. ಒಂದು ಗಂಟೆ, ಎರಡು ಗಂಟೆ, ಒಮ್ಮೆ ಐದು ಗಂಟೆ ನಾಪತ್ತೆ. ಫೋನು ಬಂದ್. ಬೀದಿ ಬೀದಿ ಅಲೆದು ವಾಪಸ್ ಬಂದು, ಏನೂ ಆಗದವನ ಹಾಗೆ "ಊಟಕ್ಕೇನು?" ಎಂದು ಕೇಳುತ್ತಿದ್ದ. ಕೈಯಲ್ಲಿದ್ದ ಸೌಟನ್ನು ಅವನ ತಲೆಯ ಮೇಲೆ ಕುಟ್ಟದೆ ಇದ್ದ ಹೆಂಡತಿಯ ತಾಳ್ಮೆಯನ್ನು ಮೆಚ್ಚಬೇಕು.

ಹಾಗೆಂದು ಕೆಟ್ಟ ಮನುಷ್ಯನಲ್ಲ. ಕುಡಿತವಿಲ್ಲ, ಯಾರ ಮೇಲೂ ಕೈ ಮಾಡಿದವನಲ್ಲ, ಕೆಲಸದಲ್ಲಂತೂ ಎತ್ತಿದ ಕೈ. ಹನ್ನೆರಡನೇ ಮಹಡಿಯ ಎತ್ತರದಲ್ಲಿ, ಲಿಫ್ಟಿನ ಪೆಟ್ಟಿಗೆಯ ತಲೆಯ ಮೇಲೆ ಕೂತು, ಗ್ರೀಸು ಮೆತ್ತಿದ ಉಕ್ಕಿನ ಹಗ್ಗದ ಎಳೆಗಳನ್ನು ಒಂದೊಂದಾಗಿ ನೋಡುವಾಗ ಅವನಷ್ಟು ಸ್ತಿಮಿತದ ಮನುಷ್ಯ ಇನ್ನೊಬ್ಬನಿಲ್ಲ. ಅದೇ ಮನುಷ್ಯ ಮನೆಯ ಊಟದ ಮೇಜಿನ ಮುಂದೆ ಅಂಗಾಲು ಸುಟ್ಟ ಬೆಕ್ಕು. ಹೆಂಡತಿ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ದಿನವಿಡೀ ಡಾಕ್ಟರುಗಳ ಕೋಳಿಕಾಲಿನ ಅಕ್ಷರ ಓದುವವಳಿಗೆ ಗಂಡನ ಮುಖ ಓದುವುದು ಕಷ್ಟವಲ್ಲ. ಆದರೆ ಓದಲು ಮುಖ ಎದುರಿಗಿರಬೇಕಲ್ಲ.

ಅವಳ ತಾಳ್ಮೆ ಮುಗಿದದ್ದು ಅತ್ತೆ ಬರುವ ಸುದ್ದಿ ಬಂದ ದಿನ. ಮೆಕ್ಯಾನಿಕನ ತಾಯಿಗೆ ಕಣ್ಣಿನ ಪೊರೆ ತೆಗೆಯಬೇಕಿತ್ತು. ಎರಡು ತಿಂಗಳ ನಂತರ ಆಪರೇಷನ್, ಆಮೇಲೆ ಮೂರು ವಾರ ಮಗನ ಮನೆಯಲ್ಲಿ ವಾಸ. ಹಿಂದಿನ ಸಲ ಬಂದಾಗ ಅವಳು ಸೊಸೆಯ ಜೊತೆ ಒಂಬತ್ತು ದಿನ ಮಾತು ಬಿಟ್ಟಿದ್ದಳು. ಕಾರಣ ಇವತ್ತಿಗೂ ಗೊತ್ತಿಲ್ಲ. ಆ ಒಂಬತ್ತು ದಿನ ಮೆಕ್ಯಾನಿಕ ಎಲ್ಲರ ಪಾಳಿಯನ್ನೂ ತಾನೇ ಮಾಡಿದ್ದ. ನಗರದ ಒಂದು ಲಿಫ್ಟೂ ಕೆಟ್ಟು ನಿಲ್ಲದ ಹಾಗೆ ನೋಡಿಕೊಂಡಿದ್ದ.

"ಈ ಸಲ ನನ್ನನ್ನೂ ಮಗೂನೂ ಅವರ ಮುಂದೆ ಬಿಟ್ಟು ನೀವು ಎದ್ದು ಹೋದ್ರೆ, ನಾನು ಬಟಾಣಿನ ಕರ್ಕೊಂಡು ಅಕ್ಕನ ಮನೆಗೆ ಹೋಗಿಬಿಡ್ತೀನಿ," ಎಂದಳು ಹೆಂಡತಿ. ದನಿ ಏರಿಸಲೂ ಇಲ್ಲ. "ಹೆದರಿಸ್ತಿಲ್ಲ ರೀ. ಅಕ್ಕನ ಹತ್ರ ಮಾತಾಡಿ ಆಗಿದೆ. ಅಲ್ಲಿ ಸ್ಕೂಲೂ ನೋಡಿದೀನಿ."

ಬಟಾಣಿ ಎಂದರೆ ಮಗಳು, ಎಂಟು ವರ್ಷ. ಹುಟ್ಟಿದಾಗ ಅಷ್ಟೇ ಇದ್ದಳೆಂದು ಆ ಹೆಸರು. ಸ್ಕೂಲೂ ನೋಡಿದೀನಿ ಎಂಬ ಮಾತನ್ನು ಮೆಕ್ಯಾನಿಕ ಕೇಳಿಸಿಕೊಂಡ. ಅದರ ಅರ್ಥ ಪೂರ್ತಿಯಾಗಿ ತಲೆಗೆ ಹೋಗುವ ಹೊತ್ತಿಗೆ ಅವನು ಎರಡನೇ ಮಹಡಿಯ ಮೆಟ್ಟಿಲ ಮೇಲಿದ್ದ. ಎದ್ದು ಹೋಗಬೇಡಿ ಎಂದು ಹೇಳಿಸಿಕೊಳ್ಳುತ್ತಿದ್ದಾಗಲೇ ಎದ್ದು ಬಂದಿದ್ದ. ಗೋಡೆಗೆ ಒರಗಿ ನಿಂತು ತನ್ನ ಕಾಲುಗಳನ್ನೇ ನೋಡಿಕೊಂಡ. ಇವನ್ನು ಕಟ್ಟಿಹಾಕುವ ಹಗ್ಗ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ ಎಂದು ಅವನಿಗೆ ನಿಜವಾಗಿ ಭಯವಾಯಿತು.

ಕಾಲುಗಳು ಈ ಪಾಠ ಎಲ್ಲಿ ಕಲಿತವು ಎಂಬುದೇನೂ ಗುಟ್ಟಲ್ಲ. ತಾಯಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದಳು. ಊರಿನವರೆಲ್ಲ ಬಲ್ಲ ದನಿ, ಸಕ್ಕರೆಯಂಥ ದನಿ. ಮನೆಯಲ್ಲಿ ಮಾತ್ರ, ಅವಳ ಮನಸ್ಸಿಗೆ ಏನಾದರೂ ಹಿಡಿಸದಿದ್ದರೆ, ಬಾಯಿಗೆ ಬೀಗ. ಹೊಡೆತವಿಲ್ಲ, ಬೈಗುಳವಿಲ್ಲ, ಮಗ ಎಂಬ ಪ್ರಾಣಿಯೇ ಮನೆಯಲ್ಲಿಲ್ಲದ ಹಾಗೆ ಅವನನ್ನು ದಾಟಿಕೊಂಡು ಓಡಾಡುವುದು. ಒಂದು ದಿನ, ಮೂರು ದಿನ. ಅತಿ ದೊಡ್ಡದು ಅವನ ಒಂಬತ್ತನೇ ವಯಸ್ಸಿನಲ್ಲಿ, ಹನ್ನೊಂದು ದಿನ. ಅಪ್ಪ ಬೇರೆ ಊರಿನ ಕೆಲಸದಲ್ಲಿದ್ದು ತಿಂಗಳಿಗೊಮ್ಮೆ ಬರುವ ನೆಂಟ. ಕೇಳುವವರಿಲ್ಲ. ಹೊಡೆದಿದ್ದರೆ ತೋರಿಸಲು ಒಂದು ಬಾಸುಂಡೆಯಾದರೂ ಇರುತ್ತಿತ್ತು. ಇದನ್ನು ಯಾರಿಗೆ ತೋರಿಸುವುದು? ಹಾಗಾಗಿ, ಬೇರೆಯವರು ಮಾತು ಬಿಡುವ ಮೊದಲು ತಾವೇ ಮನೆ ಬಿಡುವುದು ವಾಸಿ ಎಂದು ಕಾಲುಗಳು ಯಾವಾಗಲೋ ತೀರ್ಮಾನಿಸಿದ್ದವು. ಯಜಮಾನನನ್ನು ಕೇಳಿರಲಿಲ್ಲ, ಅಷ್ಟೆ.

ಕುಣಿತದ ಮೇಡಂ ಸಿಕ್ಕಿದ್ದು ಅದರ ಮುಂದಿನ ವಾರ. ಕೆಳಗೆ ಹಾಸಿಗೆ ಅಂಗಡಿಯಿದ್ದ ಹಳೆಯ ಕಟ್ಟಡದಲ್ಲಿ ಮೂರನೇ ಮಹಡಿಯ ಲಿಫ್ಟ್ ಬಾಗಿಲು ಮುಚ್ಚಿದಂತೆ ಮಾಡಿ ಮತ್ತೆ ತೆರೆದುಕೊಳ್ಳುತ್ತಿತ್ತು. ಮೆಕ್ಯಾನಿಕ ಮಂಡಿಯೂರಿ ಬಾಗಿಲು ಸರಿಯುವ ಹಳಿಯಿಂದ ವರ್ಷಗಳ ಧೂಳು ಕೆರೆಯುತ್ತಿದ್ದಾಗ ಎದುರಿನ ಹಾಲಿನಲ್ಲಿ ಏಳೆಂಟು ಜನ ದೊಡ್ಡವರು ಬರಿಗಾಲಲ್ಲಿ, ಯಾರನ್ನೂ ನೋಡದೆ, ಹಿಮ್ಮಡಿಯನ್ನು ನೆಲಕ್ಕೆ ಊರಿ ಊರಿ ನಡೆಯುತ್ತಿದ್ದರು. ಬಾಗಿಲಿಗೆ ಒಂದು ಕಾಗದ ಅಂಟಿಸಿತ್ತು: 'ಕಷ್ಟದ ಬಾಲ್ಯ ಕಂಡವರಿಗೆ ಕುಣಿತ, ಉಸಿರು, ಗಮನ. ಶನಿವಾರ ಬೆಳಿಗ್ಗೆ.' ಅವನಿಗೆ ನಗು ಬಂತು. ಆಮೇಲೆ ಇನ್ನೊಂದು ಸಲ ಓದಿದ. ಆಗ ನಗು ಬರಲಿಲ್ಲ.

ಮೇಡಂ ಎಂದರೆ ಅರವತ್ತರ ಹತ್ತಿರದ ಗುಂಡನೆಯ ಹೆಂಗಸು, ಒಂದು ಮಂಡಿಗೆ ಪಟ್ಟಿ. ಹೊರಗೆ ಬಂದು, "ನಿಮ್ಮ ಕಾಲು ಆಗಿನಿಂದ ನಮ್ಮ ತಾಳಕ್ಕೆ ಕುಟ್ತಾ ಇತ್ತು," ಎಂದರು.

"ನನ್ನ ಕಾಲು ಯಾವಾಗ್ಲೂ ಕುಟ್ಟುತ್ತೆ ಮೇಡಂ. ಅದಕ್ಕೆ ತಾಳ ಬೇಕಿಲ್ಲ."

"ಹಾಗಿದ್ರೆ ಶನಿವಾರ ಬನ್ನಿ. ಇಲ್ಲಿ ಯಾರಿಗೂ ಕುಣಿಯೋಕೆ ಬರಲ್ಲ. ನೆಲ ಡೊಂಕು ಅಂತಲೂ ಹೇಳಬಹುದು, ನಾವೇನೂ ಅಂದ್ಕೊಳ್ಳಲ್ಲ."

ಹೋದ. ಹೆಂಡತಿಗೆ ಹೇಳಿದಾಗ ಅವಳು ಬಹಳ ಹೊತ್ತು ಅವನ ಮುಖ ನೋಡಿ, "ಕುಣಿಯೋಕಾ?" ಎಂದು ಮಾತ್ರ ಕೇಳಿದಳು.

ಮೊದಲ ಶನಿವಾರವೇ ಒಂದು ವಿಚಿತ್ರ ನಡೆಯಿತು. ಮೇಡಂ ಎಲ್ಲರನ್ನೂ ವೃತ್ತವಾಗಿ ನಿಲ್ಲಿಸಿ, ಈ ಕುಣಿತಕ್ಕೆ ನಾಯಕರಿಲ್ಲ, ಯಾರು ಬೇಕಾದರೂ ಶುರು ಮಾಡಿ, ಉಳಿದವರು ಅವರ ಹಾಗೆಯೇ ಮಾಡಲಿ ಎಂದು ಹೇಳಿ ಸಂಗೀತ ಹಾಕಿದರು. ಯಾರೂ ಅಲುಗಲಿಲ್ಲ. ಒಂದು ನಿಮಿಷ, ಎರಡು, ನಾಲ್ಕು. ವೃತ್ತದಲ್ಲಿದ್ದ ಆಸ್ಪತ್ರೆಯ ನರ್ಸ್ ಪಕ್ಕದ ಬೇಕರಿಯವನನ್ನು ನೋಡುತ್ತಿದ್ದಳು, ಬೇಕರಿಯವನು ಹಲ್ಲಿನ ಡಾಕ್ಟರನ್ನು, ಹಲ್ಲಿನ ಡಾಕ್ಟರು ಮೆಕ್ಯಾನಿಕನನ್ನು. ಎಲ್ಲರ ಕಣ್ಣೂ ಇನ್ನೊಬ್ಬರ ಭುಜ, ಹುಬ್ಬು, ಬೆರಳುಗಳ ಮೇಲೆ. ಇಡೀ ಹಾಡು ಮುಗಿಯಿತು.

"ಏನ್ರಿ ಇದು, ಬಸ್ ಸ್ಟಾಪಾ?" ಎಂದರು ಮೇಡಂ.

"ಯಾರಾದ್ರೂ ಶುರು ಮಾಡಿದ್ರೆ ನಾನು ತಕ್ಷಣ ಹಿಂದೆ ಬರ್ತಿದ್ದೆ," ಎಂದಳು ನರ್ಸ್. ಬೇಕರಿಯವನು, ಆರಡಿಯ ಆಸಾಮಿ, ಸಣ್ಣ ದನಿಯಲ್ಲಿ, "ಮಿಕ್ಕವರಿಗೆ ಏನು ಇಷ್ಟ ಅಂತ ನೋಡ್ತಿದ್ದೆ," ಎಂದ.

ಮೇಡಂ ಕುರ್ಚಿಗೆ ಕುಸಿದು ನಕ್ಕರು. ಎಲ್ಲರೂ ನಕ್ಕರು. ಆಮೇಲೆ ಮೇಡಂ ಕಣ್ಣೊರೆಸಿಕೊಂಡರು. "ಗಾಳಿ ಯಾವ ಕಡೆ ಬೀಸ್ತಿದೆ ಅಂತ ನೋಡಿಕೊಂಡೇ ಮನೆ ಒಳಗೆ ಕಾಲಿಟ್ಟ ಮಕ್ಕಳು ನೀವು. ನಿಮ್ಮ ಕಾಲಿಗೆ ಏನು ಬೇಕು ಅಂತ ನಿಮ್ಮನ್ನ ಯಾರೂ ಕೇಳೇ ಇಲ್ಲ," ಎಂದರು. ಮೆಕ್ಯಾನಿಕ ಹೊರಟುಹೋಗಲು ನೋಡಿದ. ಚಪ್ಪಲಿ ಹುಡುಕುವಷ್ಟರಲ್ಲಿ ಬೇಕರಿಯವನು ಕೈಗೆ ನೀರಿನ ಲೋಟ ಕೊಟ್ಟುಬಿಟ್ಟ.

ಐದು ಶನಿವಾರ ಹೋದ. ಹೇಳಿಕೊಟ್ಟದ್ದನ್ನೆಲ್ಲ, ಕಸುಬಿನ ಅಭ್ಯಾಸದಂತೆ, ಜೇಬಿನ ಪುಸ್ತಕದಲ್ಲಿ ಬರೆದುಕೊಂಡ. ಒಂದು, ಎರಡೂ ಅಂಗಾಲು ನೆಲಕ್ಕೆ. ಎರಡು, ಮಂಡಿ ಬಿಗಿಯಬಾರದು. ಮೂರು, ಉಸಿರು ನಾಲ್ಕೆಣಿಸಿ ಒಳಗೆ, ಆರೆಣಿಸಿ ಹೊರಗೆ. ನಾಲ್ಕು, ಬಂದ ಸಿಟ್ಟನ್ನು ಬರುವ ಹಾಗೆ ನೋಡುವುದು, ಹೋಗುವ ಹಾಗೆ ಬಿಡುವುದು. ಬ್ರೇಕು ತಪಾಸಣೆಗೂ ಇಷ್ಟೇ ಹಂತ. ಲಿಫ್ಟಿನ ತಲೆಯ ಮೇಲೆ ಕೂತು ಅಭ್ಯಾಸ ಮಾಡಿದ, ಸಿಗ್ನಲ್ ದೀಪದಲ್ಲಿ ಸ್ಕೂಟರ್ ನಿಲ್ಲಿಸಿ ಮಾಡಿದ, ಹಿಂದಿನವರಿಂದ ಬೈಸಿಕೊಂಡ. ಇನ್ನು ಯಾವ ಅಮ್ಮ ಬಂದರೂ ಬರಲಿ ಎಂಬ ಧೈರ್ಯ ಬಂತು.

ಪರೀಕ್ಷೆ ಬೇಗನೆ ಬಂತು. ಅತ್ತೆಗೆ ಮಗಳ ಕೋಣೆ ಕೊಡುವುದೋ, ನಡುಮನೆಯಲ್ಲಿ ಮಂಚ ಹಾಕುವುದೋ ಎಂದು ಮಾತು ಶುರುವಾಗಿ ಒಂದು ಸಂಜೆ ಹೆಂಡತಿಯ ದನಿ ಏರಿತು. ಕಾಲುಗಳು ಎಂದಿನಂತೆ ಸಿದ್ಧವಾದವು. ಮೆಕ್ಯಾನಿಕ ಹೋಗಲಿಲ್ಲ. ನಡುಮನೆಯ ಮಧ್ಯೆ ನಿಂತ, ಅಂಗಾಲು ಊರಿದ, ಮಂಡಿ ಸಡಿಲಿಸಿದ, ಕಣ್ಣು ಮುಚ್ಚಿ ಎಣಿಸತೊಡಗಿದ.

"ಏನಾದ್ರೂ ಹೇಳಿ," ಎಂದಳು ಹೆಂಡತಿ. ನಾಲ್ಕು ಒಳಗೆ. "ರೀ, ನಿಮ್ಮನ್ನೇ ಕೇಳ್ತಿರೋದು." ಆರು ಹೊರಗೆ. "ನಾನು ಗೋಡೆ ಹತ್ರ ಮಾತಾಡ್ತಿದೀನಾ?" ನಾಲ್ಕು ಒಳಗೆ. ತುಟಿ ಪಿಟಕ್ಕೆನ್ನಲಿಲ್ಲ. ಸಿಟ್ಟು ಬಂತು, ನೋಡಿದ; ಹೋಯಿತು, ಬಿಟ್ಟ. ಎಂಥ ನೆಮ್ಮದಿ. ಹತ್ತು ನಿಮಿಷದ ಮೇಲೆ ಕಣ್ಣು ತೆರೆದಾಗ, ಗೆದ್ದೆ ಎಂದು ಕೂಗಬೇಕೆನ್ನಿಸಿತು. ನಾನು ಹೋಗಲಿಲ್ಲ, ಇಲ್ಲೇ ನಿಂತಿದ್ದೆ, ನೋಡಿ.

ನೋಡುವವರು ಯಾರೂ ಇರಲಿಲ್ಲ. ಹೆಂಡತಿ ಸ್ನಾನದ ಮನೆಯಲ್ಲಿ ನಲ್ಲಿ ತಿರುಗಿಸಿ ಅಳುತ್ತಿದ್ದಳು. ನೀರಿನ ಸದ್ದು ಅಳುವನ್ನೇನೂ ಮುಚ್ಚಿರಲಿಲ್ಲ. ಬಟಾಣಿ ಮಾತ್ರ ಕುರ್ಚಿಯ ಮೇಲೆ ಮಂಡಿ ತಬ್ಬಿಕೊಂಡು ಕೂತು ಅವನನ್ನೇ ನೋಡುತ್ತಿದ್ದಳು.

"ಅಪ್ಪ," ಎಂದಳು, "ನೀನು ಹೊರಗೆ ಹೋಗ್ತಿದ್ದೆಯಲ್ಲ, ಅದೇ ವಾಸಿ ಇತ್ತು. ಆಗ ವಾಪಸ್ ಬರ್ತಿದ್ದೆ."

ಆ ಮಾತು ಅವನನ್ನು ಎಲ್ಲಿ ತಾಕಿತೆಂದರೆ, ಅಲ್ಲಿಗೆ ಇದುವರೆಗೆ ಯಾರೂ ಬಂದಿರಲಿಲ್ಲ. ಐದು ವಾರ ಬೆವರು ಸುರಿಸಿ ಅವನು ಕಲಿತದ್ದು ತನ್ನ ತಾಯಿಯ ವಿದ್ಯೆಯನ್ನು. ಎದುರಿಗಿದ್ದೂ ಇಲ್ಲದಿರುವ ವಿದ್ಯೆ. ತಾಯಿಯಾದರೋ ಸಿಟ್ಟಿನಲ್ಲಿ ಮಾಡುತ್ತಿದ್ದಳು. ಇವನು ನೆಮ್ಮದಿಯಿಂದ, ಪುಸ್ತಕದಲ್ಲಿ ಬರೆದುಕೊಂಡು ಮಾಡಿದ. ನಾಚಿಕೆಯಿಂದ ಅವನ ಕಿವಿ ಸುಟ್ಟಿತು. ಸ್ನಾನದ ಮನೆಯ ಬಾಗಿಲ ಹತ್ತಿರ ಹೋಗಿ, "ತಪ್ಪಾಯ್ತು, ಕಣೇ," ಎಂದ. ನಲ್ಲಿ ನಿಲ್ಲಲಿಲ್ಲ.

ಮುಂದಿನ ಶನಿವಾರ ಜೇಬಿನ ಪುಸ್ತಕವನ್ನು ಮೇಡಂ ಕೈಗೆ ಕೊಟ್ಟು ನಡೆದದ್ದನ್ನೆಲ್ಲ ಹೇಳಿದ. ಮೇಡಂ ಪುಸ್ತಕ ಓದಿ ಹಣೆ ಚಚ್ಚಿಕೊಂಡರು.

"ಅಯ್ಯೋ ಮಾರಾಯ್ರೆ, ನಾನು ನಿಲ್ಲಿ ಅಂದ್ರೆ ನೀವು ಕಂಬ ಆಗಿದೀರಿ. ತಪ್ಪು ನಂದೂ ಇದೆ. ನಿಮ್ಮಂಥವರಿಗೆ ಸುಮ್ಮನಿರೋದು ಮೊದಲೇ ಚೆನ್ನಾಗಿ ಬರುತ್ತೆ, ಅದನ್ನೇ ಇನ್ನಷ್ಟು ಕಲಿಸಿಬಿಟ್ಟೆ. ಕಾಲಿಗೆ ಓಡ್ಬೇಕು ಅನ್ನಿಸಿದ್ರೆ ಓಡ್ಲಿ, ಕೋಣೆ ಒಳಗೇ ಓಡ್ಲಿ. ಬಾಯಿ ಮಾತ್ರ ಮುಚ್ಚಬೇಡಿ. ಮೈಯಲ್ಲಿ ಏನಾಗ್ತಿದೆ ಅಂತ ಎದುರಿಗಿರೋರಿಗೆ ಕೇಳೋ ಹಾಗೆ ಹೇಳಿ."

ಅವತ್ತು ಬೇಕರಿಯವನು ಹಾಲಿನ ನಡುವೆ ಕೂತ. ಮೆಕ್ಯಾನಿಕ ಅವನ ಸುತ್ತ ನಡೆಯುತ್ತಾ ಬಾಯಿಬಿಟ್ಟು ಹೇಳಬೇಕಿತ್ತು. ಮೊದಲು, "ಮಂಡಿ ನೋಯ್ತಿದೆ," ಎಂದ. ಮುಂದಿನ ಸುತ್ತಿಗೆ, "ಹಸಿವಾಗ್ತಿದೆ," ಎಂದ. ಬೇಕರಿಯವನು, ಮುಂದಿನ ವಾರ ಬನ್ ತರುತ್ತೇನೆ ಎಂದು ಗಂಭೀರವಾಗಿ ತಲೆಯಾಡಿಸಿದ. ಹತ್ತನೇ ಸುತ್ತಿಗೆ ಹೆಜ್ಜೆ ಒಂದು ಥರ ಕುಣಿತವೇ ಆಗಿ, ದನಿ ನಡುಗಿ, "ಹೋಗಿಬಿಡ್ಬೇಕು ಅನ್ನಿಸ್ತಿದೆ. ಈಗಲೇ," ಎಂಬ ಮಾತು ಹೊರಬಿತ್ತು. ಬೇಕರಿಯವನು ಎಲ್ಲೂ ಹೋಗಲಿಲ್ಲ, ಮುಖ ತಿರುಗಿಸಲಿಲ್ಲ, ಮಾತು ಬಿಡಲಿಲ್ಲ. "ಹೂಂ," ಎಂದ. ಮೆಕ್ಯಾನಿಕನಿಗೆ ಅದೊಂದು ಹೂಂ ಸಾಕಾಗಿ, ಹಾಲಿನ ಮೂಲೆಯಲ್ಲಿ ಕೂತು ಮಗುವಿನ ಹಾಗೆ ಅತ್ತ.

ಅಮ್ಮ ಬಂದಳು. ಕಪ್ಪು ಕನ್ನಡಕ, ದಿನಕ್ಕೆ ನಾಲ್ಕು ಸಲ ಕಣ್ಣಿಗೆ ಹನಿ, ಬಗ್ಗಬಾರದು, ಭಾರ ಎತ್ತಬಾರದು. ಮೊದಲ ಐದು ದಿನ ಮನೆಯಲ್ಲಿ ನಗೆಯೇ ನಗೆ. ಅಜ್ಜಿ ಮೊಮ್ಮಗಳು ಒಂದೇ ಮಂಚದ ಮೇಲೆ ಕೂತು ಲೋಕದ ಕತೆಯೆಲ್ಲ ಹೇಳಿದರು. ಮೆಕ್ಯಾನಿಕ ಮಾತ್ರ ಮುಳ್ಳಿನ ಮೇಲೆ ಕೂತಂತಿದ್ದ. ಲೋಟ ಕೆಳಗಿಟ್ಟ ಸದ್ದು ಕೇಳಿದರೂ ಕತ್ತು ಅತ್ತ ತಿರುಗುತ್ತಿತ್ತು. ಎಂಥ ಸದ್ದಿಗೆ ಏನು ಅರ್ಥ ಎಂಬ ನಿಘಂಟು ಇನ್ನೂ ತಲೆಯಲ್ಲಿತ್ತು.

ಆರನೇ ದಿನ, ಶುಕ್ರವಾರ, ಬೆಳಿಗ್ಗೆ ಬಟಾಣಿ "ಅಜ್ಜಿ, ಹನಿ ಹಾಕೋ ಹೊತ್ತಾಯ್ತು" ಎಂದು ಓಡಿದಳು. ಅಜ್ಜಿ ಅವಳನ್ನು ದಾಟಿಕೊಂಡು ಹೋಗಿ ಸೊಸೆಯ ಮುಂದೆ ಕತ್ತೆತ್ತಿ ಕೂತಳು. ಅಷ್ಟೆ. ಯಾರಿಗೂ ಕಾರಣ ತಿಳಿಯದು. ಶುಕ್ರವಾರವೆಲ್ಲ ಹೀಗೇ, ಶನಿವಾರವೂ ಹೀಗೇ; ದೊಡ್ಡವರ ಜೊತೆಗೂ ಮಾತಿಲ್ಲ. ಬಟಾಣಿ ನೀರು ತಂದಿಟ್ಟಳು, ಚಪ್ಪಲಿ ಜೋಡಿಸಿಟ್ಟಳು, ಹೇಳದೆಯೇ ಹಲ್ಲುಜ್ಜಿದಳು, ಅಜ್ಜಿಯ ಚಿತ್ರ ಬರೆದು ದಿಂಬಿನ ಮೇಲಿಟ್ಟಳು. ಚಿತ್ರ ಹಾಗೇ ಬೋರಲಾಗಿ ಬಿದ್ದಿತ್ತು. ಮಗಳು ಗೋಡೆ ಹಿಡಿದು ಸದ್ದಿಲ್ಲದೆ ನಡೆಯತೊಡಗಿದಾಗ ಮೆಕ್ಯಾನಿಕ ನೋಡುತ್ತ ನಿಂತ. ಆ ನಡಿಗೆ ಅವನಿಗೆ ಗೊತ್ತಿತ್ತು. ಶನಿವಾರ ರಾತ್ರಿ ಹೆಂಡತಿ ಬಟ್ಟೆಯ ಬೀರು ತೆರೆದು ಸುಮ್ಮನೆ ಅದರ ಮುಂದೆ ನಿಂತಿದ್ದಳು. ಏನು ಮಾಡ್ತಿದೀಯ ಎಂದು ಅವನು ಕೇಳಲಿಲ್ಲ, ಕೇಳುವ ಅಗತ್ಯವಿರಲಿಲ್ಲ.

ಭಾನುವಾರ ಮಧ್ಯಾಹ್ನ ನಾಲ್ವರೂ ಊಟಕ್ಕೆ ಕೂತರು. ಬಟಾಣಿ ನೀರಿನ ಜಗ್ಗನ್ನು ಎರಡೂ ಕೈಯಲ್ಲಿ ಹಿಡಿದು ಅಜ್ಜಿಯ ಕಡೆ ಚಾಚಿದಳು. ಅಜ್ಜಿ ಅತ್ತ ತಿರುಗಲೇ ಇಲ್ಲ. ಜಗ್ಗು ಗಾಳಿಯಲ್ಲಿ ಸ್ವಲ್ಪ ಹೊತ್ತು ನಿಂತು ನಡುಗಿ ಕೆಳಗಿಳಿಯಿತು.

"ಇನ್ಮೇಲೆ ಒಳ್ಳೆಯವಳಾಗಿರ್ತೀನಿ, ಅಜ್ಜಿ," ಎಂದಳು ಬಟಾಣಿ.

ಅದೇ ಹೊತ್ತಿಗೆ ಮೆಕ್ಯಾನಿಕನ ಫೋನು ಹೊಡೆದುಕೊಂಡಿತು. ಕಚೇರಿಯಿಂದ. ಆಸ್ಪತ್ರೆಯ ಹತ್ತಿರದ ಕಟ್ಟಡದಲ್ಲಿ ಲಿಫ್ಟು ಸದ್ದು ಮಾಡುತ್ತಿದೆಯಂತೆ, ಯಾರೂ ಸಿಕ್ಕಿಕೊಂಡಿಲ್ಲ, ಪಾಳಿಯವನು ತಡವಾಗಿ ಬರುತ್ತಾನೆ, ಹೋಗಲಾಗುತ್ತದೆಯೇ? ಕಾಲುಗಳು ಆಗಲೇ ಎದ್ದು ನಿಂತಿದ್ದವು. ದೇವರೇ ಕಳಿಸಿದ ಕರೆ ಎಂದು ಅವಕ್ಕೆ ಅನ್ನಿಸಿರಬೇಕು. ಹೆಂಡತಿ ಅವನ ಕಡೆ ನೋಡಲಿಲ್ಲ. ತಟ್ಟೆಯನ್ನೇ ನೋಡುತ್ತಾ ಕೂತಳು. ಅವಳು ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಆಗಲ್ಲ. ಮನೇಲಿ ಕೆಲಸ ಇದೆ," ಎಂದು ಅವನು ಫೋನನ್ನು ಬೋರಲು ಹಾಕಿದ.

ಹಾಕಿದ್ದೇನೋ ಹಾಕಿದ, ಎದ್ದ ಕಾಲುಗಳನ್ನು ಏನು ಮಾಡುವುದು? ಅವು ಬಾಗಿಲ ಕಡೆ ಎಳೆದವು. ಅವನು ಮೇಜಿನ ಸುತ್ತ ತಿರುಗಿಸಿದ. ಹೆಂಡತಿಯ ಕುರ್ಚಿ ದಾಟಿದ, ಮಗಳ ಕುರ್ಚಿ ದಾಟಿದ, ತಾಯಿಯ ಬೆನ್ನ ಹಿಂದೆ ಬಂದ.

"ಅಮ್ಮ, ನನ್ನ ಎದೆ ಬಡ್ಕೊಳ್ತಿದೆ," ಎಂದ.

ಅಮ್ಮ ಕಪ್ಪು ಕನ್ನಡಕವನ್ನು ಕಿಟಕಿಯ ಕಡೆ ತಿರುಗಿಸಿದಳು.

"ಅಂಗೈ ಬೆವರ್ತಿದೆ. ಹೊರಗೆ ಓಡಿಹೋಗ್ಬೇಕು ಅನ್ನಿಸ್ತಿದೆ. ಹೋಗಲ್ಲ." ಇನ್ನೊಂದು ಸುತ್ತು. ಹೆಜ್ಜೆ ವೇಗವಾಗಿತ್ತು, ದನಿ ಎಲ್ಲೆಲ್ಲೋ ಒಡೆಯುತ್ತಿತ್ತು. ಹುಚ್ಚು ಹಿಡಿದವನ ಹಾಗೆ ಕಾಣುತ್ತಿದ್ದೇನೆ ಎಂದು ಅವನಿಗೇ ಗೊತ್ತಿತ್ತು. "ಬಟಾಣಿ, ಇಲ್ಲಿ ಕೇಳು. ಅಜ್ಜಿಗೆ ಏನೋ ಬೇಜಾರಾಗಿದೆ. ಏನು ಅಂತ ಹೇಳೋದು ಅಜ್ಜಿ ಕೆಲಸ. ಹುಡುಕೋದು ನಿನ್ನ ಕೆಲಸ ಅಲ್ಲ. ನೀರು ಕೊಡೋದು, ಚಪ್ಪಲಿ ಜೋಡಿಸೋದು, ಒಳ್ಳೆಯವಳಾಗೋದು, ಯಾವುದೂ ಬೇಡ. ಊಟ ಮಾಡು."

ಬಟಾಣಿ ಬಾಯಿ ತೆರೆದುಕೊಂಡು ಅವನನ್ನೇ ನೋಡಿದಳು. ಹೆಂಡತಿಯೂ.

"ನನಗೆ ಒಂಬತ್ತು ವರ್ಷ ಇದ್ದಾಗ ನೀನು ಹನ್ನೊಂದು ದಿನ ನನ್ನ ಜೊತೆ ಮಾತಾಡಲಿಲ್ಲ, ಅಮ್ಮ. ನಿನ್ನ ದನಿ ಮರೆತುಹೋಗತ್ತೇನೋ ಅಂತ ಭಯ ಆಗ್ತಿತ್ತು. ಸ್ಕೂಲಿಂದ ಬರ್ತಾ ಮೂಲೆಯ ಪುಸ್ತಕದಂಗಡಿಗೆ ಹೋಗಿ ಅವರ ಫೋನ್ ಎತ್ತುತ್ತಿದ್ದೆ. ಎತ್ತಿದ ತಕ್ಷಣ ಎಕ್ಸ್‌ಚೇಂಜಿಗೆ ಸಿಗ್ತಿತ್ತಲ್ಲ ಆಗ. ನೀನು 'ನಂಬರ್ ಪ್ಲೀಸ್' ಅಂತಿದ್ದೆ. ನಾನು ಮಾತಾಡ್ತಿರಲಿಲ್ಲ. ಕೇಳಿಸಿಕೊಂಡು ಇಟ್ಟುಬಿಡ್ತಿದ್ದೆ. ದಿನಾ ಹೋಗ್ತಿದ್ದೆ."

ಇದನ್ನು ಅವನು ಹೆಂಡತಿಗೂ ಹೇಳಿರಲಿಲ್ಲ, ಮೇಡಂಗೂ ಹೇಳಿರಲಿಲ್ಲ. ಹೇಳಿದ ಮೇಲೂ ಅವನ ಕಾಲುಗಳು ಮೇಜಿನ ಸುತ್ತ ತಿರುಗುತ್ತಲೇ ಇದ್ದವು.

"ಗೊತ್ತಿತ್ತು," ಎಂದಳು ಅಮ್ಮ.

ಮೂರು ದಿನ ಬಳಸದ ದನಿ ಕರಕರ ಎನ್ನುತ್ತಿತ್ತು. ಮೆಕ್ಯಾನಿಕ ನಿಂತ.

"ಬೋರ್ಡ್ ಮೇಲೆ ಪ್ರತಿ ಫೋನಿಗೂ ಒಂದು ದೀಪ ಇತ್ತು. ಪುಸ್ತಕದಂಗಡಿ ದೀಪ ನಾಲ್ಕು ಗಂಟೆಗೆ ಹತ್ತಿದ್ರೆ ಅದು ನೀನೇ. ಉಸಿರಾಡೋದು ಕೇಳ್ತಿತ್ತು." ಅಮ್ಮ ತಟ್ಟೆಯ ಅಂಚನ್ನು ಬೆರಳಿನಿಂದ ಸವರಿದಳು. "ಒಂದು ಸಲ ಕೇಳ್ಬೇಕು, ಉತ್ತರ ಬರದಿದ್ರೆ ವಯರ್ ಕೀಳ್ಬೇಕು. ಅದು ನಿಯಮ. ನಾನು ಮೂರು ಸಲ ಕೇಳ್ತಿದ್ದೆ."

ಮೂರು ಸಲ. ಹೌದು, ಮೂರು ಸಲವೇ. ಎಲ್ಲರಿಗೂ ಹಾಗೇ ಕೇಳುತ್ತಾರೆ ಎಂದು ಅವನು ಇಷ್ಟು ವರ್ಷ ತಿಳಿದಿದ್ದ. ಅವನಿಗೆ ತಾಯಿಯ ಕಾಲು ಹಿಡಿದು ಅಳಬೇಕೆನ್ನಿಸಿತು. ಆ ತಟ್ಟೆಯನ್ನು ಎತ್ತಿ ಗೋಡೆಗೆ ಬಡಿಯಬೇಕು ಎಂದೂ ಅನ್ನಿಸಿತು. ಎರಡೂ ಒಟ್ಟಿಗೇ, ಒಂದೇ ಎದೆಯಲ್ಲಿ. ಎರಡನ್ನೂ ಮಾಡದೆ ಕುರ್ಚಿಯ ಬೆನ್ನು ಹಿಡಿದುಕೊಂಡ.

"ನಾನು ಅಂತ ಗೊತ್ತಿದ್ದೂ ಸಂಜೆ ಮನೆಗೆ ಬಂದು..."

"ಬೋರ್ಡಿನ ಮುಂದೆ ಆಗ್ತಿತ್ತು. ಮನೇಲಿ ಬಾಯಿ ಬರ್ತಿರಲಿಲ್ಲ," ಎಂದಳು ಅಮ್ಮ. "ಯಾಕೆ ಅಂತ ಕೇಳ್ಬೇಡ. ನನಗೆ ಗೊತ್ತಿಲ್ಲ."

"ಇಲ್ಲಿ ಬೋರ್ಡಿಲ್ಲಮ್ಮ. ಮಗು ಎದುರಿಗೇ ಕೂತಿದೆ. ಅದಕ್ಕೆ ಹೇಳು."

ಅಮ್ಮ ಕನ್ನಡಕ ತೆಗೆದಳು. ಕಣ್ಣು ಕೆಂಪಗಿತ್ತು, ಆಪರೇಷನ್ನಿನ ಕೆಂಪೋ ಇನ್ನೊಂದೋ ಹೇಳುವಂತಿರಲಿಲ್ಲ. ಬಟಾಣಿಯ ಕಡೆ ತಿರುಗಿ, ಗೊತ್ತಿಲ್ಲದ ಭಾಷೆ ಮಾತಾಡುವವಳ ಹಾಗೆ ಒಂದೊಂದೇ ಪದ ಹುಡುಕಿದಳು.

"ನೀನು ಗುರುವಾರ ನನ್ನ ಕನ್ನಡಕ ಹಾಕ್ಕೊಂಡು, ನಾನು ನಡೆಯೋ ಹಾಗೆ ತಡವರಿಸಿ ನಡೆದು ನಿನ್ನ ಗೆಳತಿಗೆ ತೋರಿಸಿದೆಯಲ್ಲ. ಇಬ್ಬರೂ ನಕ್ಕಿರಿ. ನನಗೆ... ಬೇಜಾರಾಯ್ತು."

"ಓ, ಅದಾ," ಎಂದಳು ಬಟಾಣಿ. ಸ್ವಲ್ಪ ಯೋಚಿಸಿ, "ಸಾರಿ ಅಜ್ಜಿ. ಅದು ತಮಾಷೆಗೆ," ಎಂದಳು. ಎಂದವಳೇ ತುತ್ತು ಬಾಯಿಗಿಟ್ಟಳು. ಮೂರು ದಿನಗಳ ನಂತರ ಅವಳಿಗೆ ಹಸಿವಾಗಿತ್ತು.

ಅಜ್ಜಿ ಅವಳ ಮುಖವನ್ನೇ ನೋಡುತ್ತಿದ್ದಳು. ಇಷ್ಟು ಬೇಗ ಮುಗಿಯುವ ವಿಷಯವೇ ಇದು ಎಂಬ ಬೆರಗೋ ಏನೋ.

"ನನ್ನ ಚಿತ್ರ ಬರೆದಿದ್ದೆಯಲ್ಲ, ಹೋಗಿ ತಗೊಂಡು ಬಾ, ನೋಡ್ತೀನಿ," ಎಂದಳು.

ಬಟಾಣಿ ಏಳಲಿಲ್ಲ. ಬಾಯಿ ತುಂಬ ಅನ್ನ ಇಟ್ಟುಕೊಂಡು, "ಊಟ ಆದ್ಮೇಲೆ ತರ್ತೀನಿ, ಅಜ್ಜಿ," ಎಂದಳು.

ಹೆಂಡತಿಯ ಕೈ ತಟ್ಟೆಗೂ ಬಾಯಿಗೂ ನಡುವೆ ನಿಂತಿತು. ಮೆಕ್ಯಾನಿಕ ತಾಯಿಯ ಮುಖ ನೋಡಿದ. ಅವನು ಒಂಬತ್ತು ವರ್ಷದವನಾಗಿದ್ದರೆ ತುತ್ತನ್ನು ತಟ್ಟೆಯಲ್ಲೇ ಉಗುಳಿ ಓಡಿರುತ್ತಿದ್ದ. ಬೀಳುತ್ತ ಏಳುತ್ತ ಓಡಿ, ಚಿತ್ರ ತಂದು, ತಾಯಿಯ ಹುಬ್ಬನ್ನು ನೋಡುತ್ತ ನಿಲ್ಲುತ್ತಿದ್ದ. ಕಾಲುಗಳು ನಿಂತಲ್ಲೇ ನೆಲ ಕುಟ್ಟುತ್ತಿದ್ದವು, ಅವನು ತಡೆಯಲು ಹೋಗಲಿಲ್ಲ.

ಬಟಾಣಿ ಇನ್ನೊಂದು ಸಲ ಬಡಿಸಿಕೊಂಡಳು. ಬದಿಗೆ ಸರಿಸಿಟ್ಟಿದ್ದ ತರಕಾರಿ ಚೂರುಗಳನ್ನೂ, ಏನು ಮನಸ್ಸು ಬಂತೋ, ಒಂದೊಂದಾಗಿ ತಿಂದಳು. ನೀರು ಕುಡಿದಳು. ಅಜ್ಜಿ ಕೈ ಮಡಿಲಲ್ಲಿಟ್ಟುಕೊಂಡು ಅವಳ ಊಟ ಮುಗಿಯುವವರೆಗೂ ಕಾದಳು.